ನೇಗಿಲಿನ ಕಬ್ಬಿಣ ತೊಟ್ಟ ದಾರಿಗಳ್ಳ

1906ನೆಯ ಇಸವಿಯ ಡಿಸೆಂಬರ್ 26ರಂದು, ಆಸ್ಟ್ರೇಲಿಯಾದ ಮೆಲ್ಬರ್ನ್ ನಗರದ ಅಥೀನಿಯಂ ಸಭಾಭವನದಲ್ಲಿ ನೆರೆದ ಪ್ರೇಕ್ಷಕರು ಅಲ್ಲಿಯವರೆಗೆ ಜಗತ್ತಿನ ಯಾವ ನಗರದ ಜನರೂ ಕಂಡಿರದ ಒಂದು ವಸ್ತುವನ್ನು ಕಂಡರು. ಚಲಚ್ಚಿತ್ರವೆಂದರೆ ಕೆಲವೇ ನಿಮಿಷಗಳ ವಿನೋದ ಎಂದು ಎಲ್ಲರೂ ತಿಳಿದಿದ್ದ ಆ ಕಾಲದಲ್ಲಿ, ಒಂದು ಗಂಟೆಗೂ ಮೀರಿ ಒಂದೇ ಕಥೆಯನ್ನು ಆದ್ಯಂತವಾಗಿ ಹೇಳುವ ಚಿತ್ರವೊಂದು ಅಂದು ಅವರ ಮುಂದೆ ಓಡಿತು. ಅದರ ಹೆಸರು ‘ದಿ ಸ್ಟೋರಿ ಆಫ್ ದಿ ಕೆಲ್ಲಿ ಗ್ಯಾಂಗ್’. ನಮ್ಮ ದಾದಾಸಾಹೇಬ ಫಾಳ್ಕೆಯವರ ‘ರಾಜಾ ಹರಿಶ್ಚಂದ್ರ’ ತೆರೆಗೆ ಬರುವುದಕ್ಕೆ ಅಂದಿಗೆ ಇನ್ನೂ ಆರು ವರ್ಷಗಳಿಗೂ ಹೆಚ್ಚು ಕಾಲವಿತ್ತು. ಪೂರ್ಣಪ್ರಮಾಣದ ಪ್ರಥಮ ಕಥಾಚಿತ್ರವೆಂದು ಇಂದು ಲೋಕವೆಲ್ಲ ಮನ್ನಿಸುವ ಈ ಕೃತಿಯ ನಾಯಕನು ರಾಜನಲ್ಲ, ಋಷಿಯಲ್ಲ. ಗಲ್ಲಿಗೇರಿದ ಒಬ್ಬ ದಾರಿಗಳ್ಳ.

ಇದನ್ನು ನಿರ್ಮಿಸಿದವರಾರೂ ಚಿತ್ರೋದ್ಯಮದಲ್ಲಿ ಪಳಗಿದವರಲ್ಲ. ಪಳಗುವುದಕ್ಕೆ ಅಂಥ ಉದ್ಯಮವೇ ಅಲ್ಲಿ ಇನ್ನೂ ಹುಟ್ಟಿರಲಿಲ್ಲ. ಟೇಟ್ ಸಹೋದರರು ಸಂಗೀತ ಕಛೇರಿಗಳನ್ನೂ ಮನೋರಂಜನೆಗಳನ್ನೂ ಏರ್ಪಡಿಸುತ್ತಿದ್ದವರು. ಅವರಲ್ಲಿ ನಿರ್ದೇಶನದ ಹೊಣೆ ಹೊತ್ತ ಚಾರ್ಲ್ಸ್ ಟೇಟ್ ಸಂಗೀತ ವ್ಯಾಪಾರದ ಮಳಿಗೆಯೊಂದರಲ್ಲಿ ದುಡಿಯುತ್ತಿದ್ದವನು. ಕ್ಯಾಮೆರಾ ಹಿಡಿದು, ಫಿಲ್ಮನ್ನು ರಾಸಾಯನಿಕಗಳಲ್ಲಿ ತೊಳೆದು ಚಿತ್ರ ಮೂಡಿಸಿದ ಮಿಲರ್ಡ್ ಜಾನ್ಸನ್ ಮತ್ತು ವಿಲಿಯಂ ಗಿಬ್ಸನ್ ಎಂಬಿಬ್ಬರೂ ಮೂಲತಃ ರಸಾಯನ ವ್ಯಾಪಾರಿಗಳು. ಮೆಲ್ಬರ್ನಿನ ಹೊರವಲಯದ ಹೀಡಲ್‌ಬರ್ಗ್ ಬಳಿಯಿದ್ದ, ಚಾರ್ಲ್ಸನ ಪತ್ನಿ ಎಲಿಜಬೆತ್ತಳ ತವರಿನವರ ಚಾರ್ಟರ್ಸ್‌ವಿಲ್ ಎಂಬ ಜಮೀನೇ ಇವರ ಚಿತ್ರಶಾಲೆಯಾಯಿತು. ಎಲಿಜಬೆತ್ತಳು ಸ್ವತಃ ನಾಯಕನ ತಂಗಿಯಾದ ಕೇಟ್ ಕೆಲ್ಲಿಯ ಪಾತ್ರವನ್ನು ವಹಿಸಿದಳು. ನೆಂಟರಿಷ್ಟರು ಪೋಲೀಸರಾದರು, ಕಳ್ಳರಾದರು, ಒತ್ತೆಯಾಳುಗಳಾದರು. ಒಟ್ಟು ವೆಚ್ಚವು ಒಂದು ಸಾವಿರ ಪೌಂಡನ್ನು ಮೀರಲಿಲ್ಲವೆಂದು ಪ್ರತೀತಿ. ಕಥೆಯೊಂದು ಇಷ್ಟೇ ಉದ್ದವಿರಬೇಕೆಂಬ ಕಟ್ಟುಪಾಡನ್ನು ಯಾರಿಂದಲೂ ಕಲಿತಿರದ ಈ ಹವ್ಯಾಸಿಗಳು, ಕಥೆ ತಾನಾಗಿ ಎಷ್ಟು ದೂರ ಬೇಡಿತೋ ಅಷ್ಟು ದೂರ ಅದರೊಡನೆ ನಡೆದರು. ಈ ಚಿತ್ರದ ಹಿರಿಮೆಯ ಮೂಲವು ಇಲ್ಲಿಯೇ ಇದೆಯೆಂಬುದು ನನ್ನ ದೃಢವಾದ ಅಭಿಪ್ರಾಯ.

ಕಥಾವಸ್ತುವಾದರೋ ಅವರಿಗೆ ದೂರದ ಇತಿಹಾಸವೇ ಆಗಿರಲಿಲ್ಲ. ಆಸ್ಟ್ರೇಲಿಯಾದಲ್ಲಿ ಬುಷ್‌ರೇಂಜರ್ ಎಂದು ಕರೆಯಲ್ಪಡುವ ಕಾಡುದಾರಿಯ ದರೋಡೆಗಾರರಲ್ಲಿ ಅತ್ಯಂತ ಪ್ರಸಿದ್ಧನಾದ ನೆಡ್ ಕೆಲ್ಲಿಯು, ಶಿಕ್ಷೆಗೊಳಗಾಗಿ ಐರ್ಲೆಂಡಿನಿಂದ ಗಡೀಪಾರಾಗಿ ಬಂದ ತಂದೆಯ ಮಗ. 1878ರ ಅಕ್ಟೋಬರ್ ತಿಂಗಳಲ್ಲಿ ಸ್ಟ್ರಿಂಗಿಬಾರ್ಕ್ ಹಳ್ಳದ ಬಳಿ ಮೂವರು ಪೋಲೀಸರನ್ನು ಕೊಂದು, ಯುರೋವಾ ಮತ್ತು ಜೆರಿಲ್ಡೆರಿ ಎಂಬ ಊರುಗಳ ಬ್ಯಾಂಕುಗಳನ್ನು ಲೂಟಿಮಾಡಿ, ಎರಡು ವರ್ಷಗಳ ಪರ್ಯಂತ ಇಡೀ ವಸಾಹತಿನ ಪೋಲೀಸು ಪಡೆಗೆ ಸಿಕ್ಕದೆ ತಿರುಗಿದವನು. ಬಡ ರೈತರ ಪೈಕಿ ಅನೇಕರಿಗೆ ಆಪ್ತನಾದವನು. 1880ರ ಜೂನ್ ತಿಂಗಳಲ್ಲಿ ಗ್ಲೆನ್‌ರೋವನ್ ಎಂಬ ಹಳ್ಳಿಯಲ್ಲಿ ರೈಲು ಕಂಬಿಗಳನ್ನು ಕೀಳಿಸಿ, ಪೋಲೀಸರನ್ನು ಹೊತ್ತು ಬರುತ್ತಿದ್ದ ರೈಲನ್ನು ಉರುಳಿಸಲು ಅವನು ಹೂಡಿದ ಸಂಚನ್ನು, ಟಾಮಸ್ ಕರ್ನೌ ಎಂಬ ಶಾಲಾ ಉಪಾಧ್ಯಾಯನು ಕೆಂಪು ವಸ್ತ್ರದ ಹಿಂದೆ ಮೇಣದ ಬತ್ತಿ ಹಿಡಿದು ರೈಲನ್ನು ತಡೆದು ಮುರಿದನು. ಆಮೇಲೆ ನಡೆದ ಕಾಳಗದಲ್ಲಿ ನೆಡ್ ಕೆಲ್ಲಿಯು ನೇಗಿಲಿನ ಕಬ್ಬಿಣದ ಹಲಗೆಗಳಿಂದ ಮಾಡಿಸಿದ, 40 ಕಿಲೋಗ್ರಾಂಗಳಿಗೂ ಮಿಕ್ಕಿ ತೂಗುವ ಕವಚವನ್ನೂ ಶಿರಸ್ತ್ರಾಣವನ್ನೂ ತೊಟ್ಟು, ಬೆಳಗಿನ ಮಂಜಿನಲ್ಲಿ ಪೋಲೀಸರ ಗುಂಡುಗಳಿಗೆ ಎದುರಾಗಿ ಬಂದನು. ಕವಚವಿಲ್ಲದ ಕಾಲುಗಳಿಗೆ ಗುಂಡು ತಗುಲಿ ಕುಸಿದ ಅವನನ್ನು ಅದೇ ವರ್ಷದ ನವೆಂಬರ್ 11ರಂದು ಮೆಲ್ಬರ್ನಿನ ಸೆರೆಮನೆಯಲ್ಲಿ ಗಲ್ಲಿಗೇರಿಸಲಾಯಿತು. ಚಿತ್ರವು ಪ್ರದರ್ಶಿತವಾದಾಗ ಇದೆಲ್ಲ ಜರುಗಿ ಇಪ್ಪತ್ತಾರೇ ವರ್ಷ. ಅವನ ತಾಯಿ ಎಲೆನ್ ಕೆಲ್ಲಿ ಆಗ ಇನ್ನೂ ಬದುಕಿದ್ದಳು.

ಚಿತ್ರವನ್ನು ತೆಗೆದವರಿಗೆ ಹಣದ ಬಡತನವಿದ್ದರೂ ದೃಷ್ಟಿಯ ಬಡತನವಿರಲಿಲ್ಲ. ಕಳ್ಳರನ್ನು ಅರಸಿ ಕಾಡಿಗೆ ಬಂದ ಪೋಲೀಸರು ಕೆಲಸ ಬಿಟ್ಟು ಗಿಳಿಗಳಿಗೆ ಗುಂಡಿಡುತ್ತಿರುವ ಒಂದು ದೃಶ್ಯವು, ಮುಂದೆ ಬರಲಿರುವ ಸಾವನ್ನು ಅರಿಯದ ಮನುಷ್ಯರ ಸಹಜ ಅಲಕ್ಷ್ಯವನ್ನು ಒಂದು ಮಾತೂ ಇಲ್ಲದೆ ತಿಳಿಸುತ್ತದೆ. ಕಟ್ಟಕಡೆಯ ಕಾಳಗವನ್ನು ಚಿತ್ರಿಸುವಾಗಲಂತೂ ಅವರು ಕ್ಯಾಮೆರಾವನ್ನು ಪೋಲೀಸರ ನೆಲೆಯಲ್ಲಿ ಇಟ್ಟರು. ಕಬ್ಬಿಣದ ಆಕೃತಿಯು ಗುಂಡು ಹಾರಿಸುತ್ತ ನೇರವಾಗಿ ನಮ್ಮೆಡೆಗೆ ನಡೆದು ಬರುತ್ತದೆ. ನಾಟಕದ ರಂಗವನ್ನು ಎದುರಿನಿಂದ ನೋಡುವಂತೆ ಚಿತ್ರ ತೆಗೆಯುವುದೇ ರೂಢಿಯಾಗಿದ್ದ ಕಾಲದಲ್ಲಿ, ಪ್ರೇಕ್ಷಕನನ್ನು ಕಾಳಗದ ಒಂದು ಪಕ್ಷದಲ್ಲಿ ತಂದು ನಿಲ್ಲಿಸಬಹುದೆಂದು ಹೊಳೆದದ್ದು ಸಾಮಾನ್ಯ ಪ್ರತಿಭೆಯಲ್ಲ. ಮೂಕಿಯ ಕೊರತೆಯನ್ನೂ ಅವರು ಕೈಗೆ ಸಿಕ್ಕಿದ ಸಾಮಗ್ರಿಯಿಂದಲೇ ನೀಗಿಸಿದರು: ತೆರೆಯ ಮರೆಯಲ್ಲಿ ಕುಳಿತವರು ಗುಂಡಿಲ್ಲದ ತೋಟಾಗಳನ್ನು ಸಿಡಿಸುವರು, ತೆಂಗಿನ ಕರಟಗಳನ್ನು ಒಂದಕ್ಕೊಂದು ಬಡಿದು ಕುದುರೆಯ ಗೊರಸಿನ ಸಪ್ಪಳವನ್ನು ಹೊರಡಿಸುವರು, ಮುಂದಿನ ಪ್ರದರ್ಶನಗಳಲ್ಲಿ ವ್ಯಾಖ್ಯಾನಕಾರನೊಬ್ಬನು ನಿಂತು ಕಥೆಯನ್ನು ವಿವರಿಸುವನು.

ಜನರು ಮುಗಿಬಿದ್ದು ನೋಡಿದರು. ಹಾಕಿದ ಬಂಡವಾಳದ ಹಲವು ಪಟ್ಟು ಹಣವು ಹಿಂದಿರುಗಿತು. ಚಿತ್ರವು ಇಂಗ್ಲೆಂಡಿನವರೆಗೂ ಹೋಯಿತು. ಅಧಿಕಾರಿಗಳಿಗೆ ಮಾತ್ರ ಇದು ಹಿತವಾಗಲಿಲ್ಲ. ಕೆಲ್ಲಿಯ ಪ್ರಾಂತಕ್ಕೆ ಸೇರಿದ ಬೆನಲ್ಲಾ ಮತ್ತು ವಾಂಗರಟ್ಟಾ ಊರುಗಳಲ್ಲಿ 1907ರಲ್ಲಿ ಪ್ರದರ್ಶನವನ್ನು ನಿಷೇಧಿಸಿದರು. 1911 ಮತ್ತು 1912ರಲ್ಲಿ ದಕ್ಷಿಣ ಆಸ್ಟ್ರೇಲಿಯಾ, ವಿಕ್ಟೋರಿಯಾ, ನ್ಯೂ ಸೌತ್ ವೇಲ್ಸ್ ರಾಜ್ಯಗಳು ದಾರಿಗಳ್ಳರ ಚಿತ್ರಗಳ ಇಡೀ ಸಂತತಿಗೇ ತಡೆಯೊಡ್ಡಿದುವು. ಅಪರಾಧಿಯನ್ನು ಕೊಂಡಾಡಬಾರದೆಂಬ ಅವರ ಕಾಳಜಿಯಲ್ಲಿ ನ್ಯಾಯವಿಲ್ಲವೆನ್ನಲಾರೆ. ಕೊಲೆಯಾದ ಪೋಲೀಸರಲ್ಲಿಯೂ ಮಡದಿ ಮಕ್ಕಳುಳ್ಳವರಿದ್ದರು. ಆದರೆ ಸ್ವಂತ ನೆಲದ ಕಥೆಯನ್ನು ಸ್ವಂತ ಕಾಡಿನಲ್ಲಿ ಹೇಳಲು ಕಲಿತ ಒಂದು ಎಳೆಯ ಕಲೆಯು, ತನಗೆ ಅತ್ಯಂತ ಒಲಿದ ವಸ್ತುವನ್ನೇ ಕಳೆದುಕೊಂಡಿತು. ಆ ನಷ್ಟವನ್ನು ತುಂಬಿಕೊಳ್ಳಲು ಆಸ್ಟ್ರೇಲಿಯಾದ ಚಿತ್ರರಂಗಕ್ಕೆ ದಶಕಗಳೇ ಬೇಕಾದುವು.

ಹಳೆಯ ನೈಟ್ರೇಟ್ ಫಿಲ್ಮು ಬೇಗ ಕೊಳೆಯುವಂಥದು, ಬೇಗ ಉರಿಯುವಂಥದು. ಇಡೀ ಚಿತ್ರವು ನಾಶವಾಯಿತೆಂದೇ ಬಹುಕಾಲ ಎಲ್ಲರೂ ಭಾವಿಸಿದ್ದರು. 1970ರ ದಶಕದಿಂದೀಚೆಗೆ ತುಣುಕು ತುಣುಕಾಗಿ ಸಿಕ್ಕ ಭಾಗಗಳನ್ನೂ, ಇಂಗ್ಲೆಂಡಿನಲ್ಲಿ ದೊರೆತ ಇನ್ನಷ್ಟು ಭಾಗವನ್ನೂ ಜೋಡಿಸಿ, ಆಸ್ಟ್ರೇಲಿಯಾದ ರಾಷ್ಟ್ರೀಯ ಚಿತ್ರ ಮತ್ತು ಧ್ವನಿ ಸಂಗ್ರಹಾಲಯವು ಚಿತ್ರದ ಶತಮಾನೋತ್ಸವವಾದ 2006ರಲ್ಲಿ ಅದನ್ನು ಸಂಸ್ಕರಿಸಿ ಹೊರತಂದಿತು. ಯುನೆಸ್ಕೋ ಸಂಸ್ಥೆಯು 2007ರಲ್ಲಿ ಅದನ್ನು ತನ್ನ ವಿಶ್ವಸ್ಮೃತಿಯ ಪಟ್ಟಿಯಲ್ಲಿ ಸೇರಿಸಿತು. ಈಗ ಉಳಿದಿರುವುದು ಸುಮಾರು 17 ನಿಮಿಷಗಳಷ್ಟು ಮಾತ್ರ. ಅದೃಷ್ಟವಶಾತ್, ಕಥೆಯನ್ನು ಆರು ದೃಶ್ಯಗಳಾಗಿ ವಿಂಗಡಿಸಿ ವಿವರಿಸುವ, ಅಂದಿನ ಪ್ರೇಕ್ಷಕರಿಗಾಗಿ ಅಚ್ಚಾದ ಕಿರುಪುಸ್ತಕವೊಂದು ಉಳಿದುಕೊಂಡಿದೆ. ಚಿತ್ರವನ್ನು ನೋಡಬಯಸುವವರು ಮೊದಲು ಆ ಕಥಾಸಾರವನ್ನು ಓದಿಕೊಳ್ಳುವುದು ಲೇಸು; ಹಾಗೆ ಓದಿ ನೋಡಿದಲ್ಲಿ ಗಿಳಿಗಳಿಗೆ ಗುಂಡಿಡುವ ಪೋಲೀಸರು ಯಾರು, ಯಾವ ಹಳ್ಳದ ಬಳಿಗೆ ಬಂದಿದ್ದಾರೆ ಎಂಬುದು ತಿಳಿದು, ಆ ಕೆಲವು ಕ್ಷಣಗಳು ತಮ್ಮ ಪೂರ್ಣವಾದ ಅರ್ಥವನ್ನು ಬಿಟ್ಟುಕೊಡುತ್ತವೆ.