ಹೊಸ ಕ್ಲಚ್ಚು, ಹೊಸ ಸದ್ದು

ಉದಕಮಂಡಲದಿಂದ ಮಸಿನಗುಡಿಗೆ ಇಳಿಯುವ ಕಲ್ಹಟ್ಟಿ ಘಾಟಿಯಲ್ಲಿ 36 ಕಡಿದಾದ ತಿರುವುಗಳಿವೆ. ಅಲ್ಲಿ ಕೆಳಗಿನ ಗೇರು ಬೀಳದಿದ್ದರೆ ಭಾರವೆಲ್ಲ ಬ್ರೇಕಿನ ಮೇಲೆ. ಬ್ರೇಕು ಅತಿಯಾಗಿ ಕಾದರೆ ಹಿಡಿಯುವುದಿಲ್ಲ. ಆದ್ದರಿಂದ ಕ್ಲಚ್ಚು ಬದಲಾಯಿಸಿದ ಕಾರನ್ನು ಮೊದಲು ಸಮತಟ್ಟಾದ ಜಾಗದಲ್ಲಿ ಪರೀಕ್ಷಿಸಿರಿ.

ಕೈಬ್ರೇಕು ಹಾಕಿ, ನ್ಯೂಟ್ರಲ್‌ನಲ್ಲಿಟ್ಟು ಎಂಜಿನ್ ಚಾಲೂ ಮಾಡಿರಿ. ಪೆಡಲ್ ತುಳಿದಾಗ ಮಾತ್ರ ಗರಗರ ಸದ್ದು ಬಂದರೆ ರಿಲೀಸ್ ಬೇರಿಂಗಿನ ಮೇಲೆ ಸಂಶಯ. ಪೆಡಲ್ ಬಿಟ್ಟಾಗ ಸದ್ದಿದ್ದು, ತುಳಿದೊಡನೆ ನಿಂತರೆ ಗೇರ್‌ಬಾಕ್ಸ್ ಒಳಗಿನ ಬೇರಿಂಗ್ ಸವೆದಿರಬಹುದು. ಅದಕ್ಕೆ ಹೊಸ ಕ್ಲಚ್ಚು ಮದ್ದಲ್ಲ.

ಇನ್ನು ಗೇರಿನ ವಿಚಾರ. ಪೆಡಲ್ ಪೂರ್ತಿ ತುಳಿದು ನೋಡಿರಿ. ಎಂಜಿನ್ ನಿಂತಾಗ ಗೇರು ಸಲೀಸಾಗಿ ಬಿದ್ದು, ಚಾಲೂ ಇದ್ದಾಗ ಬಿಗಿಯಾದರೆ, ರಿವರ್ಸ್ ಕರಕರ ಎಂದರೆ, ಕ್ಲಚ್ಚು ಪೂರ್ತಿ ಬಿಡುತ್ತಿಲ್ಲವೆಂದು ತಿಳಿಯಿರಿ. ಕೇಬಲ್ ಗಾಡಿಯಾದರೆ ಅದರ ಬಿಗಿ ಸರಿಮಾಡಿಸಿ. ಎಣ್ಣೆಯ ಒತ್ತಡದಿಂದ ನಡೆಯುವುದಾದರೆ ಕೊಳವೆಗೆ ಗಾಳಿ ಸೇರಿರಬಹುದು. ಎರಡೂ ಸರಿಯಿದ್ದರೆ, ಕ್ಲಚ್ ಪ್ಲೇಟು ಹಿಂದುಮುಂದಾಗಿ ಕೂತಿದೆಯೇ ಎಂದು ಕೇಳಿರಿ. ಎಂಜಿನ್ ನಿಂತಾಗಲೂ ಬಿಗಿಯಿದ್ದರೆ ದೋಷ ಗೇರ್ ಲಿವರಿನ ಜೋಡಣೆಯಲ್ಲೋ ಗೇರ್‌ಬಾಕ್ಸಿನಲ್ಲೋ ಇರಬಹುದು.

ಮೆಕ್ಯಾನಿಕ್ಕಿಗೆ ‘ಸದ್ದು ಬರುತ್ತದೆ’ ಎಂದಷ್ಟೇ ಹೇಳಬೇಡಿ. ಯಾವಾಗ ಬರುತ್ತದೆ, ಯಾವಾಗ ನಿಲ್ಲುತ್ತದೆ ಎಂದು ಕನ್ನಡದಲ್ಲೋ ತಮಿಳಿನಲ್ಲೋ ಚೀಟಿ ಬರೆದು ಕೊಡಿ. ಕಾರಣ ಸಿಗುವವರೆಗೆ ಗಾಡಿಯನ್ನು ಘಾಟಿಗೆ ಇಳಿಸಬೇಡಿ.