ಬೆಟ್ಟದ ಕಲ್ಲು, ಬಸದಿಯ ಕಲ್ಲು: ಪ್ರಾಜೆಕ್ಟ್ ಕಲಿಕೆಯಾಗುವ ಬಗೆ

ಶಾಲೆಯ ‘ಪ್ರಾಜೆಕ್ಟ್’ ಎಂದೊಡನೆ ಅಂಗಡಿಯಿಂದ ತಂದ ಚಿತ್ರಗಳನ್ನು ಡ್ರಾಯಿಂಗ್ ಶೀಟಿಗೆ ಅಂಟಿಸುವ ಕೆಲಸವೇ ನೆನಪಾಗುತ್ತದೆಯಾದರೂ, ಅಮೆರಿಕದ ಶಿಕ್ಷಣತಜ್ಞ ವಿಲಿಯಂ ಹರ್ಡ್ ಕಿಲ್‌ಪ್ಯಾಟ್ರಿಕ್ 1918ರಲ್ಲಿ ಯೋಜನಾ ಪದ್ಧತಿಯನ್ನು ಕುರಿತು ಬರೆದಾಗ ಒತ್ತಿ ಹೇಳಿದ್ದು ಮಗು ತನ್ನದೆಂದು ಒಪ್ಪಿ ಮನಸ್ಸಿಟ್ಟು ನೆರವೇರಿಸುವ ಉದ್ದೇಶವನ್ನು. ಯೋಜನಾ ಆಧಾರಿತ ಕಲಿಕೆಯಲ್ಲಿ, ಅಂದರೆ ನಿಜವಾದ ಪ್ರಶ್ನೆಯೊಂದರ ಬೆನ್ನುಹತ್ತಿ ಕೆಲವು ವಾರ ದುಡಿಯುತ್ತಲೇ ಪಠ್ಯವಿಷಯವನ್ನು ಕಲಿಯುವ ಕ್ರಮದಲ್ಲಿ, ಅತ್ಯಂತ ಕಠಿಣವಾದುದು ಆ ಪ್ರಶ್ನೆಯ ಆಯ್ಕೆ.

ಚನ್ನರಾಯಪಟ್ಟಣ ತಾಲ್ಲೂಕಿನ ಜಿನನಾಥಪುರವನ್ನೇ ನೋಡಬಹುದು. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜ ನೆಲೆಗೊಳಿಸಿದ, ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮಗ್ಗುಲಲ್ಲಿರುವ ಈ ಊರಿನಲ್ಲಿ, ರೇಚಣನೆಂಬ ದಂಡನಾಯಕ ಸುಮಾರು 1200ರಲ್ಲಿ ಕಟ್ಟಿಸಿದ ಶಾಂತಿನಾಥ ಬಸದಿಯಿದ್ದು, ಅದರ ಹೊರಗೋಡೆಯ ಮೇಲೆ ಜಿನರು, ಯಕ್ಷಿಯರು, ನರ್ತಕಿಯರು, ವಾದಕರು ಸಾಲಾಗಿ ನಿಂತಿದ್ದಾರೆ. ‘ಬಸದಿಯ ಮಾಹಿತಿ ಸಂಗ್ರಹಿಸಿ’ ಎಂದರೆ ಮಕ್ಕಳು ಎಲ್ಲಿಂದಲೋ ನಕಲು ಮಾಡಿ ತರುತ್ತಾರೆ. ದೊಡ್ಡಬೆಟ್ಟದ ಗೊಮ್ಮಟನು ಕಣಶಿಲೆಯಲ್ಲಿ, ಅಂದರೆ ಗ್ರಾನೈಟಿನಲ್ಲಿ ನಿಂತಿರುವಾಗ ಈ ಬಸದಿಯ ಶಿಲ್ಪಿ ಬಳಪದ ಕಲ್ಲನ್ನು ಏಕೆ ಹಿಡಿದ ಎಂದು ಕೇಳಿದರೆ ಮಾತ್ರ ನಕಲಿಗೆ ಸಿಗದ ಕೆಲಸ ಆರಂಭವಾಗುತ್ತದೆ. ಬಸದಿಯ ಕಲ್ಲನ್ನು ಮುಟ್ಟದೆ, ಹೊರಗಿನಿಂದ ತಂದ ಬಳಪದ ಕಲ್ಲಿನ ತುಣುಕನ್ನೂ ಗ್ರಾನೈಟ್ ಜಲ್ಲಿಯನ್ನೂ ಕಬ್ಬಿಣದ ಮೊಳೆಯಿಂದ ಗೀರಿ ನೋಡಿದ ಮಗುವಿಗೆ, ನೂಲಿನಷ್ಟು ತೆಳುವಾದ ಆಭರಣದ ಕೆತ್ತನೆ ಯಾವ ಕಲ್ಲಿನಲ್ಲಿ ಸಲೀಸು ಎಂಬುದು ಕೈಯಿಂದಲೇ ತಿಳಿಯುತ್ತದೆ. ಶಿಲೆಗಳ ಪಾಠ, ಹೊಯ್ಸಳರ ಇತಿಹಾಸ, 58 ಅಡಿಯ ಗೊಮ್ಮಟನನ್ನು ಪುಟಕ್ಕಿಳಿಸುವ ಅನುಪಾತದ ಲೆಕ್ಕ ಎಲ್ಲವೂ ಅದೇ ಪ್ರಶ್ನೆಯ ಸುತ್ತ ಸೇರಿಕೊಳ್ಳುತ್ತವೆ.

ಆದರೆ ಮಕ್ಕಳನ್ನು ಬಸದಿಗೆ ಕರೆದೊಯ್ದುಬಿಟ್ಟರೆ ಯೋಜನೆ ತಾನಾಗಿ ನಡೆಯದು. ಯಾವ ಪಾಠದ ಯಾವ ಅಂಶ ಇದರಿಂದ ದಕ್ಕಬೇಕು, ಭೇಟಿಗೆ ಯಾರ ಅನುಮತಿ ಬೇಕು, ನಾಲ್ಕೈದು ಮಕ್ಕಳ ತಂಡದಲ್ಲಿ ಚಿತ್ರ ಬರೆಯುವವರು, ಅಳೆಯುವವರು, ಹಿರಿಯರನ್ನು ಮಾತಾಡಿಸುವವರು ಯಾರು ಎಂಬುದನ್ನು ಶಿಕ್ಷಕರು ಮೊದಲೇ ಬರೆದಿಟ್ಟುಕೊಳ್ಳಬೇಕು; ಜಾಣ ಮಗುವೊಂದೇ ಎಲ್ಲವನ್ನೂ ಮಾಡಿ ಮುಗಿಸದಂತೆ ಈ ಹೊಣೆಗಳನ್ನು ವಾರವಾರವೂ ಬದಲಿಸುವುದು ಒಳಿತು. ಹೆಚ್ಚಿನ ಕಡೆ ತಪ್ಪಿಹೋಗುವುದು ನಡುವಿನ ಹಂತ: ಒಂದು ತಂಡ ಬರೆದ ಕಿರುಹೊತ್ತಗೆಯ ಮೊದಲ ಕರಡನ್ನು ಇನ್ನೊಂದು ತಂಡ ಓದಿ, ‘ಇದು ನಿಮಗೆ ಹೇಗೆ ಗೊತ್ತಾಯಿತು?’ ಎಂದು ಕೇಳಿ, ಬರೆದವರು ಮತ್ತೆ ಬಸದಿಯ ಮುಂದೆ ನಿಂತು ನೋಡಿ ತಿದ್ದುವುದು. ನಿಜವಾದ ಕಲಿಕೆ ಇಲ್ಲಿಯೇ ಇರುವುದರಿಂದ, ಕಲಿಕೆಯ ಜೊತೆಜೊತೆಗೇ ನಡೆಯುವ ರೂಪಣಾತ್ಮಕ ಮೌಲ್ಯಮಾಪನದ ಅಂಕಗಳಲ್ಲಿ ದೊಡ್ಡ ಪಾಲು ಕೊನೆಯ ಚಾರ್ಟಿನ ಅಂದಕ್ಕಲ್ಲ, ತಿದ್ದಿದ ಗುರುತುಗಳಿರುವ ನೋಟ್‌ಬುಕ್ಕಿಗೆ ಸಲ್ಲಬೇಕು. ಹೀಗೆ ಸಿದ್ಧವಾದ ಕನ್ನಡದ ಕಿರುಹೊತ್ತಗೆಯನ್ನು ಮಕ್ಕಳು ಊರವರ ಮುಂದೆ ಓದಿ, ಅವರ ಪ್ರಶ್ನೆಗಳಿಗೆ ಉತ್ತರಿಸಿದ ನಂತರವೇ ಯೋಜನೆ ಮುಗಿಯಿತೆನ್ನಬಹುದು.