ಬ್ರೌಸರ್ ಕಟ್ಟಿ ನೋಡು

‘ಸೂರ್ಯ’ ಎಂದು ಬರೆದಾಗ ಕಂಪ್ಯೂಟರಿನ ಮೆಮೊರಿಯಲ್ಲಿ ‘ರ’ ಮೊದಲು ಕೂರುತ್ತದೆ, ‘ಯ’ ಅದರ ನಂತರ. ಪರದೆಯ ಮೇಲೆ ಮಾತ್ರ ಮೊದಲು ‘ಯ’ ಕಾಣುತ್ತದೆ, ‘ರ’ ಅರ್ಕಾವೊತ್ತಾಗಿ ಅದರ ಬಲಕ್ಕೆ ಸರಿಯುತ್ತದೆ. ಈ ಅದಲುಬದಲು ಮಾಡುವವರು ಯಾರು? ಫೈರ್‌ಫಾಕ್ಸ್ ಬ್ರೌಸರಿನ ಮಟ್ಟಿಗೆ ಉತ್ತರವನ್ನು ನಾವೇ ತೆರೆದು ಓದಬಹುದು.

1998ರ ಮಾರ್ಚ್ 31ರಂದು ನೆಟ್‌ಸ್ಕೇಪ್ ಕಂಪನಿ ತನ್ನ ಬ್ರೌಸರಿನ ಸೋರ್ಸ್ ಕೋಡನ್ನು ಎಲ್ಲರಿಗೂ ಬಿಟ್ಟುಕೊಟ್ಟಿತು. ಫೈರ್‌ಫಾಕ್ಸನ್ನು ತಯಾರಿಸುವ ಮೊಜಿಲ್ಲಾ ಬೆಳೆದದ್ದು ಅದರಿಂದ. 2004ರಲ್ಲಿ ಫೈರ್‌ಫಾಕ್ಸ್ 1.0 ಬಂತು. ಇವತ್ತಿಗೂ ಅದರ ಕೋಡನ್ನು ಯಾರು ಬೇಕಾದರೂ ತಂದು, ತಮ್ಮ ಕಂಪ್ಯೂಟರಿನಲ್ಲೇ ಬಿಲ್ಡ್ ಮಾಡಿ ಓಡಿಸಬಹುದು.

ಮೊಜಿಲ್ಲಾದ ಬೂಟ್‌ಸ್ಟ್ರಾಪ್ ಸ್ಕ್ರಿಪ್ಟನ್ನು ಓಡಿಸಿದರೆ ಕೋಡನ್ನೂ ಬೇಕಾದ ಸಲಕರಣೆಗಳನ್ನೂ ಅದೇ ತಂದುಕೊಳ್ಳುತ್ತದೆ. ಡಿಸ್ಕಿನಲ್ಲಿ 30 ಜಿಬಿಯಷ್ಟು ಜಾಗ ಇಟ್ಟುಕೊಳ್ಳಿ. ಟರ್ಮಿನಲ್‌ನಲ್ಲಿ ‘ಮಾಕ್ ಬಿಲ್ಡ್’ ಎಂಬ ಆದೇಶ ಕೊಟ್ಟೊಡನೆ ಸಿ ಪ್ಲಸ್ ಪ್ಲಸ್ ಮತ್ತು ರಸ್ಟ್ ಭಾಷೆಗಳ ಸಾವಿರಾರು ಕಡತಗಳು ಒಂದೊಂದಾಗಿ ಯಂತ್ರಭಾಷೆಗೆ ಇಳಿಯತೊಡಗುತ್ತವೆ. ಕೊನೆಗೆ ಲಿಂಕರ್ ಆ ಬಿಡಿ ತುಣುಕುಗಳನ್ನು ಜೋಡಿಸುತ್ತದೆ. ಹಳೆಯ ಲ್ಯಾಪ್‌ಟಾಪ್‌ನಲ್ಲಿ ಇದಕ್ಕೆ ಗಂಟೆಗಳೇ ಹಿಡಿಯುತ್ತವೆ; ಮೆಮೊರಿ ಸಾಲದಿದ್ದರೆ ಕೆಲಸ ನಡುವೆಯೇ ನಿಂತುಬಿಡುವುದೂ ಉಂಟು. ಬ್ರೌಸರಿನ ಹೊರಮೈಯನ್ನಷ್ಟೇ ತಿದ್ದುವವರು ಇಷ್ಟು ಕಾಯಬೇಕಿಲ್ಲ. ಅವರಿಗೆ ಆರ್ಟಿಫ್ಯಾಕ್ಟ್ ಬಿಲ್ಡ್ ಇದೆ. ಆಗಲೇ ಕಂಪೈಲ್ ಆದ ಭಾಗಗಳನ್ನು ಅದು ನೆಟ್‌ನಿಂದ ಇಳಿಸಿಕೊಂಡು ಬೇಗ ಮುಗಿಸುತ್ತದೆ.

‘ಮಾಕ್ ರನ್’ ಎಂದರೆ ಕಿಟಕಿ ತೆರೆಯುತ್ತದೆ. ಅದರ ಮೇಲೆ ‘ನೈಟ್ಲಿ’ ಎಂದಿರುತ್ತದೆ, ಕೆಂಬಣ್ಣದ ನರಿ ಇರುವುದಿಲ್ಲ. ಕೋಡ್ ಎಲ್ಲರದಾದರೂ ಫೈರ್‌ಫಾಕ್ಸ್ ಎಂಬ ಹೆಸರು, ಲಾಂಛನ ಮೊಜಿಲ್ಲಾದ ಟ್ರೇಡ್‌ಮಾರ್ಕ್. ಡೆಬಿಯನ್ ಎಂಬ ಲಿನಕ್ಸ್ ವ್ಯವಸ್ಥೆಯವರು 2006ರಿಂದ ಹತ್ತು ವರ್ಷ ಇದೇ ಬ್ರೌಸರನ್ನು ‘ಐಸ್‌ವೀಸಲ್’ ಎಂಬ ಹೆಸರಿನಲ್ಲಿ ಹಂಚಿದ್ದು ಈ ಕಾರಣಕ್ಕೇ.

ನಿಜವಾದ ಖುಷಿ ಇರುವುದು ತಿದ್ದುವುದರಲ್ಲಿ. ಜಾಲಪುಟ ಬರೆದವರು ಏನೂ ಹೇಳದಿದ್ದರೂ ಅದರ ಶೀರ್ಷಿಕೆ ದೊಡ್ಡದಾಗಿ, ದಪ್ಪಗೆ ಕಾಣುತ್ತದಲ್ಲ? ‘ಎಚ್‌ಟಿಎಂಎಲ್.ಸಿಎಸ್‌ಎಸ್’ ಎಂಬ ಕಡತದಲ್ಲಿ ಹಾಗೆ ಬರೆದಿಟ್ಟಿದ್ದಾರೆ. ಅಲ್ಲಿ ಶೀರ್ಷಿಕೆಗೆ ಹಸಿರು ಎಂದು ಒಂದು ಸಾಲು ಸೇರಿಸಿ ಮತ್ತೆ ಬಿಲ್ಡ್ ಮಾಡಿ. ಬದಲಾದದ್ದನ್ನಷ್ಟೇ ಕಟ್ಟುವುದರಿಂದ ಈ ಸಲ ತಡವಾಗದು. ಶೀರ್ಷಿಕೆಗೆ ತಾವೇ ಬಣ್ಣ ಗೊತ್ತುಮಾಡದ ತಾಣಗಳಲ್ಲೆಲ್ಲ ಅದು ಹಸಿರಾಗಿ ಮೂಡುತ್ತದೆ. ವೆಬ್ ಪುಟವೆಂದರೆ ಬ್ರೌಸರ್ ಪ್ರತಿ ಸಲ ಹೊಸದಾಗಿ ಬರೆಯುವ ಚಿತ್ರ ಎಂಬುದು ಇಷ್ಟು ಚೆನ್ನಾಗಿ ಬೇರೆಲ್ಲೂ ತಿಳಿಯದು.

ಅರ್ಕಾವೊತ್ತಿನ ಕೆಲಸ ಮಾಡುವುದು ಇದೇ ಕೋಡಿನೊಳಗಿರುವ ‘ಹಾರ್ಫ್‌ಬಝ್’ ಎಂಬ ಲೈಬ್ರರಿ. ಭಾರತೀಯ ಲಿಪಿಗಳಿಗೆಂದೇ ಅದರಲ್ಲಿ ಪ್ರತ್ಯೇಕ ಕಡತವಿದೆ. ಅಕ್ಷರಗಳ ಕ್ರಮವನ್ನು ಅದು ತೀರ್ಮಾನಿಸುತ್ತದೆ, ಆಕಾರವನ್ನು ಫಾಂಟಿನಿಂದ ತರುತ್ತದೆ. ಒತ್ತಕ್ಷರ ಎಲ್ಲಾದರೂ ತಪ್ಪಾಗಿ ಮೂಡಿದರೆ ದೋಷ ಕೋಡಿನದೋ ಫಾಂಟಿನದೋ ಎಂದು ಪತ್ತೆಹಚ್ಚಲು ಕನ್ನಡ ಓದಬಲ್ಲವರೇ ಬೇಕು. ಕೋಡಿನದಾದರೆ ತಿದ್ದಿ, ಬಿಲ್ಡ್ ಮಾಡಿ ನೋಡಿ, ಹಾರ್ಫ್‌ಬಝ್ ತಂಡಕ್ಕೆ ಕಳಿಸಬಹುದು. ಕ್ರೋಮ್ ಕೂಡ ಇದೇ ಲೈಬ್ರರಿಯನ್ನು ಬಳಸುವುದರಿಂದ, ತಂಡ ಒಪ್ಪಿದ ತಿದ್ದುಪಡಿ ಮುಂದಿನ ಆವೃತ್ತಿಗಳ ಮೂಲಕ ಎರಡೂ ಬ್ರೌಸರುಗಳನ್ನು ತಲುಪುತ್ತದೆ.